ಟೈಲರಮ್ಮ ಭಾರ ಎತ್ತಿದ್ದು

ನಮ್ಮ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಬಸ್ಸಿನಲ್ಲಿ "ಇಳಿಯೋರಿದ್ದಾರೆ" ಎಂದು ಹೇಳಿದ್ದು ಕಂಡಕ್ಟರಿಗೆ ಒಮ್ಮೆಯೂ ಕೇಳಿಸಿದ್ದಿಲ್ಲ. ಗಟ್ಟಿ ಗಂಟಲಿನವರು ಯಾರಾದರೂ ಅದೇ ನಿಲ್ದಾಣದಲ್ಲಿ ಇಳಿಯುವವರಿದ್ದರೆ ಬದುಕಿದಳು. ಇಲ್ಲದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದುಕೊಂಡು ಬರುತ್ತಿದ್ದಳು. ಕೇಳಿದರೆ, "ಬಿಡೇ, ಸ್ವಲ್ಪ ಕಾಲಾಡಿಸಿದ ಹಾಗಾಯ್ತು" ಎನ್ನುತ್ತಿದ್ದಳು.

ಆಗ ಅವಳಿಗೆ ನಲವತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಅಜ್ಜಿಯ ಜೊತೆ ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದಳು. ಕಾಲೇಜು ಹತ್ತಿರವೆಂದು ನಾನೂ ಅಲ್ಲೇ ಇದ್ದೆ. ಮನೆಯಲ್ಲಿ ಮೂವರೂ ಹೆಂಗಸರು, ಆದರೆ ಮಾತು ಮಾತ್ರ ಅಜ್ಜಿಯೊಬ್ಬಳದೇ. ಚಿಕ್ಕಮ್ಮ ಏನಾದರೂ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಆ ವಿಷಯ ಮುಗಿಸಿ ಮುಂದಿನದಕ್ಕೆ ಹೋಗಿರುತ್ತಿದ್ದಳು.

ಒಂದು ಸಿದ್ಧ ಉಡುಪಿನ ಅಂಗಡಿಯಲ್ಲಿ ಅವಳಿಗೆ ಕೆಲಸ. ಅಂಗಡಿಯ ಹಿಂದೆ ಕಿರಿದಾದ ಮರದ ಮೆಟ್ಟಿಲು, ಹತ್ತಿದರೆ ಒಂದು ಕೋಣೆ, ಬಣ್ಣ ಬಳಿದು ಬಳಿದು ತೆರೆಯಲಾರದಂತೆ ಅಂಟಿಹೋದ ಒಂದು ಕಿಟಕಿ. ಮೊದಲು ಅಲ್ಲಿ ಮೂರು ಹೊಲಿಗೆ ಯಂತ್ರಗಳಿದ್ದವು. ಇಬ್ಬರು ಬಿಟ್ಟುಹೋದ ಮೇಲೆ ಉಳಿದವಳು ಇವಳೊಬ್ಬಳೇ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಸಡಿಲಿಸುವುದು, ತೋಳಿನ ಸಡಿಲ ಹಿಡಿದು ಹೊಲಿಯುವುದು. ಹದಿನೇಳು ವರ್ಷ ಇದೇ. ಗಿರಾಕಿಗಳು ಮೇಲೆ ಬಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದರು, ಇವಳು ಮಂಡಿಯೂರಿ ಕುಳಿತು ಅಳತೆ ಹಿಡಿಯುತ್ತಿದ್ದಳು. ಬಾಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಪಿನ್ನು. "ಗುಂಡುಪಿನ್ನು ಬಾಯಲ್ಲಿದ್ರೆ ಯಾರೂ ಮಾತಾಡಿಸಲ್ಲ" ಎಂದು ಒಮ್ಮೆ ನನಗೆ ಗುಟ್ಟು ಹೇಳಿದ್ದಳು.

ಒಂದು ಮಧ್ಯಾಹ್ನ ಕೆಳಗೆ ಬಿದ್ದ ಕತ್ತರಿ ತೆಗೆದುಕೊಳ್ಳಲೆಂದು ಬಗ್ಗಿದವಳು ಮೇಲೇಳಲಾಗಲಿಲ್ಲ. ಬೆನ್ನು ಹಿಡಿದುಕೊಂಡಿತ್ತು. ನೆಲದ ಮೇಲೆ ಒಂದು ಕೈ, ಯಂತ್ರದ ಪೆಡಲಿನ ಮೇಲೆ ಇನ್ನೊಂದು ಕೈ ಊರಿಕೊಂಡು ಅರ್ಧ ಗಂಟೆ ಹಾಗೆಯೇ ಇದ್ದಳಂತೆ. ಆಮೇಲೆ ಕೆಳಗಿನ ಸೇಲ್ಸ್ ಹುಡುಗಿ ಒಂದು ಪ್ಯಾಂಟು ಕೊಡಲು ಬಂದವಳು ನೋಡಿ ಕಿರುಚಿಕೊಂಡಳು.

"ಅರ್ಧ ಗಂಟೆ! ಕೂಗಬಾರದಿತ್ತಾ?" ಎಂದೆ ನಾನು.

"ಕೆಳಗೆ ಗಿರಾಕಿಗಳಿದ್ರು" ಎಂದಳು.

ಡಾಕ್ಟರು ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು, ಭಾರದ್ದೇನನ್ನೂ ಎತ್ತಬೇಡಿ ಎಂದರು. ಇಡೀ ಮನೆ ಆ ಮಾತನ್ನು ಶಿರಸಾವಹಿಸಿ ಪಾಲಿಸಿತು. ನೀರಿನ ಬಕೆಟ್ಟನ್ನು ನಾನು ಎತ್ತಿದೆ. ತರಕಾರಿ ಚೀಲವನ್ನು ಎಪ್ಪತ್ತೆರಡರ ಅಜ್ಜಿ ಹೊತ್ತಳು. ಮಾವ, ಅಂದರೆ ಅಮ್ಮನ ಅಣ್ಣ, ಬಂದಾಗಲೆಲ್ಲ, "ಮೊದಲೇ ಕಡ್ಡಿ ಪೈಲ್ವಾನ್, ಈಗ ಗಾಜಿನ ಕಡ್ಡಿ ಆದ್ಲು" ಎಂದು ನಗುತ್ತಿದ್ದ. ಮೂರು ತಿಂಗಳು ಹೀಗೆ ಜೋಪಾನ ಮಾಡಿದ್ದರ ಫಲವಾಗಿ ಚಿಕ್ಕಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಹಾಸಿಗೆಯಿಂದ ಏಳುವಾಗ ಗೋಡೆಯ ಆಸರೆ. ನೋವು ಇದ್ದಲ್ಲೇ ಇತ್ತು.

ಕೊನೆಗೆ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಹೆಂಗಸು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕತ್ತರಿಸಿದ ಕೂದಲು, ಮೇಲಕ್ಕೆ ಮಡಿಸಿದ ತೋಳು. ಚಿಕ್ಕಮ್ಮನನ್ನು ಬಗ್ಗಿಸಿ, ಏಳಿಸಿ, ಕಾಲೆತ್ತಿಸಿ, ಹಳೆಯ ಕಾಗದಗಳನ್ನೆಲ್ಲ ನೋಡಿ ಹೇಳಿದರು: "ನಿಮ್ಮ ಬೆನ್ನಲ್ಲಿ ಮುರಿದಿದ್ದು, ಸವೆದಿದ್ದು ಏನೂ ಇಲ್ಲ. ಅದಕ್ಕೆ ಶಕ್ತಿ ಇಲ್ಲ, ಅಷ್ಟೇ. ಭಾರ ಎತ್ತೋದು ಕಲೀರಿ."

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಎತ್ತಬಾರದು ಅಂದ್ರಾ?"

"ಎತ್ತಬೇಕು ಅಂದೆ. ನಿಧಾನಕ್ಕೆ, ಗೊತ್ತಿರೋರ ಹತ್ರ." ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಆ ಚೀಟಿ ಎರಡು ವಾರ ಅವಳ ಹೊಲಿಗೆ ಡಬ್ಬಿಯಲ್ಲಿ ನೂಲುಂಡೆಗಳ ಕೆಳಗೆ ಮಲಗಿತ್ತು. ನಾನು ಪೀಡಿಸಿ ಪೀಡಿಸಿ, "ನಾನೂ ಸೇರ್ತೀನಿ, ನಡಿ" ಎಂದ ಮೇಲೆ ಹೊರಟಳು.

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಹಳೆಯ ಗೋದಾಮು ಅದು. ಕಬ್ಬಿಣದ ಬಾಗಿಲು, ಮೇಲೆ ತಗಡಿನ ಸೂರು, ನೆಲಕ್ಕೆ ರಬ್ಬರಿನ ಹಾಸು. ಕನ್ನಡಿಗಳಿರಲಿಲ್ಲ, ಹಾಡೂ ಇರಲಿಲ್ಲ. ಮೂಲೆಯಲ್ಲೊಂದು ಸ್ಟೂಲು, ಅದರ ಮೇಲೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕುಳಿತ ಎಪ್ಪತ್ತರ ಹತ್ತಿರದ ಒಬ್ಬರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹರೆಯದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದು, ಆಮೇಲೆ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ, ಅದನ್ನು ಮುಂದಕ್ಕೆ ಚಾಚಿಕೊಂಡೇ ಕೂರುತ್ತಿದ್ದರು. ಐದಾರು ಗಂಡಸರು ಅವರವರ ಪಾಡಿಗೆ ಎತ್ತುತ್ತ ಇಳಿಸುತ್ತ ಇದ್ದರು. ಅವರಲ್ಲೊಬ್ಬ ಲಾರಿ ಡ್ರೈವರ್. ಬಾಗಿಲಲ್ಲಿ ಅವನು ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ.

ಮೇಷ್ಟ್ರು ಚೀಟಿ ಓದಿದರು. ಚಿಕ್ಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನು ಕೆಲಸ ಮಾಡ್ತೀರಿ?"

ಚಿಕ್ಕಮ್ಮ ಏನೋ ಹೇಳಿದಳು.

"ಏನು?"

"ಟೈಲರ್" ಎಂದೆ ನಾನು.

"ಸರಿ ಟೈಲರಮ್ಮ, ಇದನ್ನ ಎತ್ತಿ." ಹಾಗೆಂದು ಅವಳ ಕೈಗೆ ಕೊಟ್ಟಿದ್ದು ಒಂದು ಪೊರಕೆಯ ಕೋಲು.

ಮೂರು ವಾರ ಆ ಕೋಲೇ ಗತಿಯಾಯಿತು. ಸೊಂಟ ಹಿಂದಕ್ಕೆ ತಳ್ಳಿ ಬಗ್ಗುವುದು, ಹಿಮ್ಮಡಿ ಊರುವುದು, ಉಸಿರನ್ನು ಎದೆಯಲ್ಲಿ ನಿಲ್ಲಿಸದೆ ಹೊಟ್ಟೆಗೆ ತುಂಬಿಕೊಳ್ಳುವುದು. ಅಜ್ಜಿಗೆ ವಿಷಯ ತಿಳಿದು ಹಣೆ ಚಚ್ಚಿಕೊಂಡಳು. "ಬಸ್ಸು ಹತ್ತಿ ಹೋಗಿ ಪೊರಕೆ ಕೋಲು ಎತ್ತಿ ಬರ್ತೀಯಾ? ನಮ್ಮನೇಲೇ ಎರಡಿವೆ, ಎತ್ತಿದ್ರೆ ಮನೆನಾದ್ರೂ ಚೊಕ್ಕಟ ಆಗ್ತಿತ್ತು!" ನಾನು ಮಾತು ಕೊಟ್ಟಂತೆ ಸೇರಿದ್ದೆ. ಹನ್ನೊಂದನೆಯ ದಿನ ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡೆ. ಆಮೇಲೂ ಹೋಗುತ್ತಿದ್ದೆ, ಆದರೆ ಬೆಂಚಿನ ಮೇಲೆ ಕುಳಿತು ಟೀ ಕುಡಿಯಲು.

ಬೆಂಚಿನ ಮೇಲಿಂದಲೇ ನೋಡಿದ್ದು ನಾನು, ಅವಳು ಮೊದಲ ಸಲ ಕಬ್ಬಿಣದ ಬಾರ್ ಎತ್ತಿದ್ದನ್ನು. ಖಾಲಿ ಬಾರ್, ಇಪ್ಪತ್ತು ಕಿಲೋ. ಎತ್ತುವಾಗ ಅವಳ ಬಾಯಿಂದ "ಹ್ಞೂಂ" ಎಂಬ ಸದ್ದೊಂದು ಹೊರಟಿತು. ನಮ್ಮ ಮನೆಯಲ್ಲಿ ಅವಳಿಂದ ಅಷ್ಟು ದೊಡ್ಡ ಸದ್ದು ಯಾರೂ ಕೇಳಿರಲಿಲ್ಲ. ಅವಳು ನಾಚಿ ಕೆಂಪಾಗಿ ಸುತ್ತ ನೋಡಿದಳು. ಯಾರೂ ತಿರುಗಿರಲಿಲ್ಲ. ಲಾರಿಯವನೊಬ್ಬ ಮಾತ್ರ, ಬಾರ್ ಜಾರದಿರಲೆಂದು ಕೈಗೆ ಬಳಿದುಕೊಂಡಿದ್ದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತ, "ಉಸಿರು ಸರಿಯಾಗಿ ಬಂತು ಅಕ್ಕಾ" ಎಂದ.

ಅಲ್ಲಿಂದ ಮುಂದೆ ಅವಳನ್ನು ಯಾರೂ ಪೀಡಿಸಬೇಕಾಗಲಿಲ್ಲ. ವಾರಕ್ಕೆ ಮೂರು ದಿನ, ಬೆಳಗ್ಗೆ ಆರೂವರೆಗೆ, ಮಾವನ ಹಳೆಯ ಶರ್ಟು ತಾನೇ ಹಿಡಿದು ಹೊಲಿದುಕೊಂಡದ್ದು ತೊಟ್ಟು ಹೊರಡುವಳು. ಕಾಲು ಕಿಲೋ, ಅರ್ಧ ಕಿಲೋ ಎಂದು ಮೇಷ್ಟ್ರು ಜಿಪುಣರ ಹಾಗೆ ತೂಕ ಏರಿಸುತ್ತಿದ್ದರು. ಬೆನ್ನುನೋವು ಯಾವ ದಿನ ಹೋಯಿತೆಂದು ಅವಳಿಗೂ ಗೊತ್ತಾಗಲಿಲ್ಲ. ಒಂದು ದಿನ ಕತ್ತರಿ ಬಿತ್ತಂತೆ, ಬಗ್ಗಿ ತೆಗೆದುಕೊಂಡಳಂತೆ, ಹತ್ತು ನಿಮಿಷ ಬಿಟ್ಟು, ಅರೆ, ಎಂದುಕೊಂಡಳಂತೆ.

ಏಳನೆಯ ತಿಂಗಳು ಐವತ್ತೆರಡು ಕಿಲೋ ಎತ್ತಿದಳು. ಅವಳ ತೂಕವೂ ಅಷ್ಟೇ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, "ಇವತ್ತು ನನ್ನನ್ನ ನಾನೇ ಎತ್ತಿದೆ ಕಣೆ" ಎಂದಳು. ಅವಳ ಅಂಗೈಯಲ್ಲಿ ಹೊಸದಾಗಿ ದಡ್ಡುಗಟ್ಟಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿಕೊಳ್ಳುತ್ತಲೇ ಇದ್ದಳು.

ಆ ವರ್ಷ ಮಾವ ಮನೆ ಬದಲಾಯಿಸಿದ. ಕಬ್ಬಿಣದ ಬೀರು ಇಳಿಸಬೇಕು, ಬರುತ್ತೇನೆಂದ ಸ್ನೇಹಿತ ಕೈಕೊಟ್ಟಿದ್ದ. ಮಾವ ಗೊಣಗುತ್ತ ಮೇಲಿನ ತುದಿ ಹಿಡಿದ. ಚಿಕ್ಕಮ್ಮ ಹೋಗಿ ಕೆಳಗಿನ ತುದಿ ಹಿಡಿದಳು.

"ಏ ಕಡ್ಡಿ, ಸರಿ ಆಚೆ. ಅಮ್ಮ ನನ್ನ ಬೈತಾಳೆ."

"ನೀನು ಇಳಿಸು ಅಣ್ಣ."

ಒಂದು ಮಹಡಿ ಇಳಿಯುವಷ್ಟರಲ್ಲಿ ಮಾವನ ಮುಖ ಟೊಮೇಟೊ ಆಗಿತ್ತು. "ಇಳಿಸು, ಇಳಿಸು, ಕೈ ಜಾರ್ತಿದೆ!" ಎಂದು ಬಡಬಡಿಸಿದ. ಚಿಕ್ಕಮ್ಮ ಮೆಟ್ಟಿಲಿನ ಮೇಲೆ ಕಾಲು ಗಟ್ಟಿಯಾಗಿ ಊರಿ ಬೀರುವಿನ ಭಾರ ತನ್ನ ಮೇಲೆ ತೆಗೆದುಕೊಂಡು, "ನಾನು ಹಿಡ್ಕೊಂಡಿರ್ತೀನಿ, ನೀನು ಸುಧಾರಿಸ್ಕೋ" ಎಂದಳು. ಅದರಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ಅದೇ ಮಾವನಿಗೆ ಹೆಚ್ಚು ನಾಟಿತು. ಆಮೇಲೆ ಎಲ್ಲರ ಹತ್ತಿರವೂ, "ಆ ಮನೆ ಮೆಟ್ಟಿಲು ಇಕ್ಕಟ್ಟು ಮಾರಾಯ" ಎಂದು ಹೇಳಿಕೊಂಡು ತಿರುಗಿದ. ಕಡ್ಡಿ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದ.

ಇಷ್ಟಕ್ಕೇ ಮುಗಿದಿದ್ದರೆ ಬೆನ್ನು ಸರಿಹೋದ ಒಬ್ಬ ಟೈಲರಮ್ಮನ ಕತೆಯಾಗುತ್ತಿತ್ತು. ಆದರೆ ಒಂದು ಬೆಳಗ್ಗೆ ಅವಳು ಮೇಷ್ಟ್ರ ಸ್ಟೂಲಿನ ಪಕ್ಕ ನಿಂತು ಮೆಲ್ಲಗೆ ಹೇಳಿದಳು: "ಮೇಷ್ಟ್ರೇ, ಆ ಲಾರಿಯೋರದು ಬಲಗಡೆ ಸೊಂಟ ಮುಕ್ಕಾಲು ಇಂಚು ಮೇಲಿದೆ."

ಲಾರಿಯವನಿಗೆ ಎರಡು ವರ್ಷದಿಂದ ಎಡಮಂಡಿ ನೋವು. ಮೇಷ್ಟ್ರು ಏನೆಲ್ಲ ಮಾಡಿಸಿದರೂ ಹೋಗಿರಲಿಲ್ಲ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಎಲ್ಲಮ್ಮ? ನೆಟ್ಟಗೇ ನಿಂತಿದಾನಲ್ಲ."

"ನಿಂತಾಗ ಅಲ್ಲ, ಬಗ್ಗುವಾಗ ನೋಡಿ. ಅವರ ಪ್ಯಾಂಟಿನ ಬಲಗಡೆ ಹಿಂಜೇಬು ಜೋತುಬಿದ್ದಿದೆ. ಅಲ್ಲಿ ಏನೋ ದಪ್ಪಗಿರೋದು ಇಟ್ಕೊಂಡು ದಿನಾ ಕೂರ್ತಾರೆ."

ಲಾರಿಯವನನ್ನು ಕರೆದು ಕೇಳಿದರು. ಅವನು ಜೇಬಿಗೆ ಕೈಹಾಕಿ ಒಂದು ಪರ್ಸು ತೆಗೆದ. ಲಾರಿಯ ಕಾಗದಪತ್ರಗಳು, ಹಳೆಯ ರಸೀದಿಗಳು, ಹೆಂಡತಿ ಮಕ್ಕಳ ಫೋಟೋಗಳು, ಎಲ್ಲ ತುರುಕಿ ಇಟ್ಟಿಗೆಯಷ್ಟಾಗಿತ್ತು. ಹದಿನೆಂಟು ವರ್ಷದಿಂದ ಆ ಇಟ್ಟಿಗೆಯ ಮೇಲೆ ಒಂದು ಪಕ್ಕ ಕುಳಿತು ಗಾಡಿ ಓಡಿಸಿದ್ದ. ಪರ್ಸು ಗಾಡಿಯ ಮುಂದಿನ ಗೂಡಿಗೆ ಹೋಯಿತು. ಮೇಷ್ಟ್ರು ಅವನಿಗೆ ಮತ್ತೆ ಪೊರಕೆ ಕೋಲಿನಿಂದ ಶುರುಮಾಡಿಸಿದರು. ಚಿಕ್ಕಮ್ಮ ಪಕ್ಕದಲ್ಲಿ ನಿಂತು, "ಇನ್ನೂ ಕಾಲಿಂಚು, ಇನ್ನೊಂದು ಚೂರು ಎಡಕ್ಕೆ" ಎನ್ನುತ್ತಿದ್ದಳು. ಎರಡು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳಿಯಿತು. ಲಾರಿಯವನು ಊರೆಲ್ಲ ಡಂಗುರ ಸಾರಿದ.

ಹದಿನೇಳು ವರ್ಷದಲ್ಲಿ ಅವಳು ಎಷ್ಟು ಸಾವಿರ ಮೈಗಳನ್ನು ಅಳೆದಿದ್ದಳೋ! ಎರಡು ಭುಜ ಸಮನಾಗಿರುವ ಮನುಷ್ಯನನ್ನು ತಾನು ಕಂಡೇ ಇಲ್ಲ ಎನ್ನುತ್ತಿದ್ದಳು. ಯಾರ ತೋಳು ಉದ್ದ, ಯಾರು ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ ಎಂಬುದೆಲ್ಲ ಟೇಪು ಹಿಡಿಯುವ ಮೊದಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಈ ವಿದ್ಯೆ ಪ್ಯಾಂಟು ಕತ್ತರಿಸುವುದಕ್ಕಲ್ಲದೆ ಬೇರೆಯದಕ್ಕೂ ಬೇಕಾದೀತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರಿಗೆ ಮಂಡಿಯ ಆಪರೇಷನ್ ನಿಗದಿಯಾಯಿತು. ಆರು ವಾರ ಬರುವಂತಿಲ್ಲ. ಹಿಂದಿನ ದಿನ ಗೋದಾಮಿನ ಬೀಗದ ಕೈ ಚಿಕ್ಕಮ್ಮನ ಮುಂದೆ ಹಿಡಿದರು.

"ನಾನಾ? ಬೇಡ ಮೇಷ್ಟ್ರೇ. ನನ್ನ ದನಿ ಯಾರಿಗೂ ಕೇಳಲ್ಲ."

"ದನಿ ಸೈಕಲ್ ಅಂಗಡಿಯವನಿಗೂ ಇದೆ. ನಿನ್ನ ಕಣ್ಣು ನನಗೂ ಇಲ್ಲ. ಹಿಡಿ." ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ಆವತ್ತು ಮೊದಲ ಬಾರಿ ನೀನು ಎಂದರು. ಚಿಕ್ಕಮ್ಮ ಬೀಗದ ಕೈ ತೆಗೆದುಕೊಂಡಳು.

ಮೊದಲ ಬೆಳಗ್ಗೆ ನಾನೂ ಜೊತೆಗೆ ಹೋಗಿದ್ದೆ, ಏನಾಗುತ್ತದೋ ಎಂಬ ಆತಂಕದಲ್ಲಿ. ಅವಳು ಒಬ್ಬೊಬ್ಬರ ಪಕ್ಕ ಹೋಗಿ ನಿಂತು ಮಾತಾಡಿದಳು. ಕೇಳಿಸದವರು ಬಾರ್ ಕೆಳಗಿಟ್ಟು ಕಿವಿ ಕೊಟ್ಟರು. ಒಬ್ಬರಿಗೆ ಹೇಳುವುದು ಇನ್ನೊಬ್ಬರಿಗೂ ಬೇಕಾಗಿದ್ದರಿಂದ ಅವರೂ ಸದ್ದು ನಿಲ್ಲಿಸಿದರು. ವಾರ ಕಳೆಯುವಷ್ಟರಲ್ಲಿ ಆ ಗೋದಾಮಿನಲ್ಲಿ ಕಬ್ಬಿಣದ ತೂಕದ ತಟ್ಟೆಗಳ ಧಡಧಡ ನಿಂತು, ಗ್ರಂಥಾಲಯದಷ್ಟು ಶಾಂತಿ ನೆಲೆಸಿತು. ಇದನ್ನು ಹೇಳಿದ್ದು ನಾನಲ್ಲ, ಆ ವಾರ ಹೊಸದಾಗಿ ಸೇರಿದ ನಿವೃತ್ತ ಲೈಬ್ರರಿಯನ್ ಮೇಡಂ. ಅರವತ್ತಾರು ವರ್ಷ, ನೆಲದ ಮೇಲೆ ಕುಳಿತರೆ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು.

ಆ ಶಾಂತಿ ಒಮ್ಮೆ ಮಾತ್ರ ಮುರಿಯಿತು. ಮೇಡಂ ಸ್ಕ್ವಾಟ್, ಅಂದರೆ ಭಾರ ಹೊತ್ತು ಕೂತೇಳುವುದು, ಮಾಡುವಾಗ ಹೆಗಲ ಮೇಲಿನ ಬಾರ್ ಒಂದು ಕಡೆಗೆ ವಾಲತೊಡಗಿತು. ಚಿಕ್ಕಮ್ಮ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. "ಬಿಡೀ! ಹಿಂದಕ್ಕೆ ಬಿಡೀ!" ಎಂದು ಅವಳು ಕೂಗಿದ ಕೂಗಿಗೆ ಮೇಡಂ ಬಾರ್ ಬಿಟ್ಟು ಮುಂದಕ್ಕೆ ಹಾರಿದರು, ಲಾರಿಯವನು ಟೀ ಚೆಲ್ಲಿಕೊಂಡ, ಸೈಕಲ್ ಅಂಗಡಿಯವನು ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದ. ಯಾರಿಗೂ ಏನೂ ಆಗಿರಲಿಲ್ಲ. "ಕೂಗಿದ್ಯಾರು?" ಎಂದು ಸೈಕಲ್ ಅಂಗಡಿಯವನು ಎಲ್ಲರ ಮುಖ ನೋಡಿದ. ಚಿಕ್ಕಮ್ಮ ಕೈಯೆತ್ತಿದಳು, ಶಾಲೆಯ ಹುಡುಗಿಯ ಹಾಗೆ. ಅವನು ನಂಬಲಿಲ್ಲ.

ಆರು ವಾರ ಕಳೆದು ಮೇಷ್ಟ್ರು ಊರುಗೋಲು ಹಿಡಿದು ಬಂದಾಗ ಬೆಳಗಿನ ಹೊತ್ತು ಮೇಡಂ ಮತ್ತು ಅವರನ್ನು ನೋಡಿ ಬಂದವರು ಸೇರಿ ಹದಿನಾಲ್ಕು ಜನ ಹೆಂಗಸರಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಒಂದು ಗಂಟೆ ನೋಡಿ, ಕೊನೆಗೆ, "ಸರ್ಟಿಫಿಕೇಟ್ ಪರೀಕ್ಷೆ ಕಟ್ಟು" ಎಂದರು.

ತರಬೇತಿ ಕೊಡುವುದನ್ನೇ ಕಸುಬಾಗಿ ಮಾಡಬೇಕಿದ್ದರೆ ಆ ಪರೀಕ್ಷೆ ಪಾಸಾಗಿರಬೇಕಿತ್ತು. ಚಿಕ್ಕಮ್ಮ ಪುಸ್ತಕ ಮುಚ್ಚಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಸ್ನಾಯುಗಳ ಹೆಸರು ಬಾಯಿಪಾಠವಾಗಲೊಲ್ಲದು. ಅದಕ್ಕೊಂದು ಉಪಾಯ ಮಾಡಿದಳು. ಅಂಗಡಿಯವರು ಎಸೆಯಲಿದ್ದ, ಉಡುಪು ತೊಡಿಸಿ ನಿಲ್ಲಿಸುವ ಹಳೆಯ ಬಟ್ಟೆಗೊಂಬೆಯೊಂದನ್ನು, ತಲೆಯಿಲ್ಲದ್ದು, ಮನೆಗೆ ತಂದಳು. ಚೂರು ಬಟ್ಟೆಗಳನ್ನು ಒಂದೊಂದು ಸ್ನಾಯುವಿನ ಆಕಾರಕ್ಕೆ ಕತ್ತರಿಸಿ, ಮೇಲೆ ಹೆಸರು ಬರೆದು, ಅದು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೋ ಅಲ್ಲಲ್ಲಿಗೆ ಪಿನ್ನು ಚುಚ್ಚಿದಳು. ಬೆನ್ನಿಗೆ ನೀಲಿ, ತೊಡೆಗೆ ಹಸಿರು, ಭುಜಕ್ಕೆ ಹೂವಿನ ಚಿತ್ತಾರದ್ದು. ಅಜ್ಜಿ ಅದನ್ನು ಮೊದಲ ಸಲ ನೋಡಿದಾಗ ಹೌಹಾರಿದಳು. ಆಮೇಲೆ ಅದರ ಮೇಲೊಂದು ಟವೆಲ್ಲು ಹೊದಿಸಿ, "ಮೈ ಮುಚ್ಚಿಕೊಂಡಿರಲಿ ಪಾಪ" ಎಂದಳು.

ಬರೆಯುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಮೌಖಿಕ ಪರೀಕ್ಷೆಯಲ್ಲಿ ಮೂವರು ಮೇಜಿನ ಆಚೆ ಕುಳಿತಿದ್ದರು. ಹೊರಗೆ ಸಾಲಿನಲ್ಲಿ ಕೂತವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರವರು. ಚಿಕ್ಕಮ್ಮ ಒಳಗೆ ಹೋಗಿ ಏಳು ನಿಮಿಷಕ್ಕೆ ಹೊರಗೆ ಬಂದಳು. ಒಂದು ಪ್ರಶ್ನೆಗೂ ಬಾಯಿ ತೆರೆಯಲಾಗಿರಲಿಲ್ಲ.

"ಉತ್ತರ ಎಲ್ಲಾ ಗೊತ್ತಿತ್ತು" ಎಂದಳು ಮನೆಗೆ ಬಂದು. "ಬಾಯಲ್ಲಿ ಗುಂಡುಪಿನ್ನು ಇದ್ದ ಹಾಗಾಗಿಬಿಡ್ತು."

ಎಂಟು ದಿನ ಗೋದಾಮಿನ ಕಡೆಗೆ ತಲೆಹಾಕಲಿಲ್ಲ. ಬಟ್ಟೆಗೊಂಬೆಯನ್ನು ಮಂಚದ ಕೆಳಗೆ ತಳ್ಳಿದಳು. ಅಂಗಡಿಗೆ ಹೋಗುವುದು, ಬರುವುದು, ಮಲಗುವುದು. ಅಜ್ಜಿಯೂ ಆ ಎಂಟು ದಿನ ಮಾತು ಕಡಿಮೆ ಮಾಡಿದ್ದಳೆಂದರೆ ಮನೆಯ ಸ್ಥಿತಿ ಊಹಿಸಿಕೊಳ್ಳಬಹುದು.

ಒಂಬತ್ತನೆಯ ದಿನ ಭಾನುವಾರ. ಮೆಟ್ಟಿಲಿನ ಮೇಲೆ ಟಕ್, ಟಕ್ ಎಂದು ಊರುಗೋಲಿನ ಸದ್ದು. ಮೇಷ್ಟ್ರು ಬೆವರುತ್ತ ಬಾಗಿಲಲ್ಲಿ ನಿಂತಿದ್ದರು. "ಮೂವತ್ತನಾಲ್ಕು ಮೆಟ್ಟಿಲು" ಎಂದರು. "ಹನ್ನೆರಡು ವರ್ಷದಿಂದ ಈ ಕಾಲಲ್ಲಿ ಮೆಟ್ಟಿಲು ಹತ್ತಿರಲಿಲ್ಲ. ಸ್ವಲ್ಪ ನೀರು ಕೊಡಿ."

ಅಜ್ಜಿ ನೀರಿನ ಜೊತೆಗೆ ಟೀ ತಂದಳು. ಮೇಷ್ಟ್ರು ಬಾಯಿ ತೆರೆಯುವ ಮುನ್ನವೇ ಶುರುಮಾಡಿದಳು. "ಅಲ್ರೀ ಮೇಷ್ಟ್ರೇ, ಯಾರ್ರೀ ಆ ಪರೀಕ್ಷೆ ತಗೊಂಡೋರು? ಅವರಲ್ಲಿ ಒಬ್ಬರಾದ್ರೂ ತೊಂಬತ್ತು ಕಿಲೋ ಎತ್ತುತ್ತಾರಾ? ನನ್ನ ಮಗಳು ಎತ್ತುತ್ತಾಳೆ! ಅವಳನ್ನ ಫೇಲ್ ಮಾಡೋಕೆ ಎಷ್ಟು ಧೈರ್ಯ ಅವರಿಗೆ?"

ಚಿಕ್ಕಮ್ಮ ಬೆರಗಾಗಿ ಅಜ್ಜಿಯನ್ನು ನೋಡಿದಳು. ತಾನೆಷ್ಟು ಎತ್ತುತ್ತೇನೆಂದು ಅಜ್ಜಿಗೆ ಗೊತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಲೆಕ್ಕ ಇಟ್ಟಿದ್ದಳು ಮುದುಕಿ, ನನ್ನನ್ನು ಕೇಳಿ ಕೇಳಿ.

"ಅದನ್ನೇ ಹೇಳೋಕೆ ಬಂದೆ" ಎಂದರು ಮೇಷ್ಟ್ರು. "ಮೂರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆ. ನಾಳೆಯಿಂದ ಅಭ್ಯಾಸ."

ಅಭ್ಯಾಸವೆಂದರೆ ಹೀಗೆ: ದಿನಾ ವ್ಯಾಯಾಮ ಮುಗಿದ ಮೇಲೆ ಒಂದು ಮೇಜು ಹಾಕಿ ಲಾರಿಯವನು, ಲೈಬ್ರರಿಯನ್ ಮೇಡಂ, ನಾನು, ಮೂವರು ಪರೀಕ್ಷಕರಾಗಿ ಕೂರುವುದು. ಮೇಡಂ ಪುಸ್ತಕ ನೋಡಿ ಪ್ರಶ್ನೆ ಕೇಳುತ್ತಿದ್ದರು. ಲಾರಿಯವನು ಮೀಸೆ ತಿರುವುತ್ತ, "ತಪ್ಪು" ಎಂದು ಎಲ್ಲದಕ್ಕೂ ಹೇಳುತ್ತಿದ್ದ. "ಅದು ಸರಿ ಉತ್ತರ ರೀ" ಎಂದು ಮೇಡಂ ಹೇಳಿದರೆ, "ಇರಬಹುದು. ಪರೀಕ್ಷೆಯೋರು ಹೀಗೇ ಹೆದರಿಸೋದು. ಇವರು ಹೆದರಬಾರದು" ಎನ್ನುತ್ತಿದ್ದ. ಚಿಕ್ಕಮ್ಮನಿಗೆ ಮೊದಮೊದಲು ನಗು ಬರುತ್ತಿತ್ತು. ಒಂದು ದಿನ ರೇಗಿಹೋಯಿತು. "ತಪ್ಪಲ್ಲ! ಎದ್ದು ನಿಂತ್ಕೊಳ್ಳಿ, ತೋರಿಸ್ತೀನಿ" ಎಂದು ಅವನನ್ನು ಎಬ್ಬಿಸಿ ನಿಲ್ಲಿಸಿ, ಬೆನ್ನಿನ ಮೇಲೆ ಬೆರಳಿಟ್ಟು ಕಾಲು ಗಂಟೆ ಪಾಠ ಹೇಳಿದಳು.

ಎರಡನೆಯ ಪರೀಕ್ಷೆಯಲ್ಲಿ ನಡೆದದ್ದೂ ಅದೇ. ಮೊದಲ ಪ್ರಶ್ನೆಗೆ ಮತ್ತೆ ಬಾಯಲ್ಲಿ ಗುಂಡುಪಿನ್ನು ಇದ್ದ ಹಾಗಾಯಿತಂತೆ. ಆಗ ನಡುವೆ ಕುಳಿತಿದ್ದವರಿಗೆ, "ಸರ್, ಒಂದು ನಿಮಿಷ ಎದ್ದು ನಿಂತ್ಕೊಳ್ತೀರಾ?" ಎಂದಳಂತೆ. ಅವರು ಎದ್ದರು. "ನಿಮ್ಮ ಎಡಭುಜ ಅರ್ಧ ಇಂಚು ಇಳಿದಿದೆ. ಯಾವಾಗಲೂ ಆ ಕಡೆಗೇ ಚೀಲ ಹಾಕ್ಕೊಳ್ತೀರಿ. ಇಲ್ಲಿಂದ ಶುರುಮಾಡಿ ಹೇಳ್ತೀನಿ." ಏಳು ನಿಮಿಷದ ಪರೀಕ್ಷೆ ಅರ್ಧ ಗಂಟೆ ನಡೆಯಿತು. ಹೊರಗೆ ಕಾಯುತ್ತಿದ್ದ ನಮಗೆ ಒಳಗಿನ ನಗು ಕೇಳಿಸುತ್ತಿತ್ತು. ಆ ಸಲ ಪಾಸಾದಳು.

ಇನ್ನು ಅಂಗಡಿ ಬಿಡಬೇಕು. ಮಾಲೀಕರು ಕೆಟ್ಟವರಲ್ಲ. "ಈ ವಯಸ್ಸಲ್ಲಿ ಇದೆಂಥ ಹುಚ್ಚಮ್ಮ?" ಎಂದರು. "ನಿಮ್ಮ ಹಾಗೆ ಕಾಲಂಚು ಮಡಿಸೋರು ನನಗೆ ಎಲ್ಲಿ ಸಿಗ್ತಾರೆ? ಅರ್ಧ ದಿನ ಬನ್ನಿ. ಮಧ್ಯಾಹ್ನ ಬನ್ನಿ. ವಾರಕ್ಕೆ ನಾಲ್ಕು ದಿನ ಬನ್ನಿ." ಹಳೆಯ ಚಿಕ್ಕಮ್ಮನಾಗಿದ್ದರೆ ಮೂರಕ್ಕೂ ಹ್ಞೂಂ ಎಂದು ಬರುತ್ತಿದ್ದಳು. "ಬೇಡ ಸರ್" ಎಂದಳಂತೆ. ಅಷ್ಟು ಪುಟ್ಟ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದಳು. ಪಕ್ಕದ ಸೀಟಿನವರು ಜಾಗ ಬದಲಾಯಿಸಿದರಂತೆ. ಹೊರಡುವ ದಿನ ಮೇಲಿನ ಕೋಣೆ ಗುಡಿಸಿ, ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸಬರಿಗೆಂದು ಅಳತೆಗಳ ಪುಸ್ತಕವನ್ನು ಮೇಜಿನ ಮೇಲಿಟ್ಟು ಬಂದಳು. ತಿಂಗಳ ಮೇಲೆ ಮಾಲೀಕರ ಹೆಂಡತಿ ಗೋದಾಮಿನ ಬಾಗಿಲಲ್ಲಿ ನಿಂತು, "ನನ್ನ ಸೊಂಟನೋವಿಗೂ ಏನಾದ್ರೂ ಆಗುತ್ತಾ?" ಎಂದು ಕೇಳಿದರು.

ಕೆಲಸವೂ ತಾನಾಗಿ ಒದಗಿತು. ಲೈಬ್ರರಿಯನ್ ಮೇಡಂ ಯಾವುದೋ ತಪಾಸಣೆಗೆ ಆಸ್ಪತ್ರೆಗೆ ಹೋದವರು, ಫಿಸಿಯೋಥೆರಪಿಯವರ ಮುಂದೆ ನೆಲದ ಮೇಲೆ ಕುಳಿತು, ಯಾರ ಕೈಯೂ ಹಿಡಿಯದೆ ಎದ್ದು ತೋರಿಸಿದರಂತೆ. "ಯಾರು ಕಲಿಸಿದ್ದು?" ಎಂದು ವಿಚಾರಿಸಿ ಆ ಕತ್ತರಿಸಿದ ಕೂದಲಿನ ಹೆಂಗಸು ಗೋದಾಮಿಗೆ ಬಂದರು. ಚಿಕ್ಕಮ್ಮನನ್ನು ನೋಡಿ ಗುರುತು ಸಿಗಲಿಲ್ಲ. ಹಳೆಯ ಚೀಟಿಯ ಕತೆ ಹೇಳಿದ ಮೇಲೆ, "ನೀವೇನಾ ಅದು? ಆವತ್ತು ನಿಮ್ಮ ದನಿಯನ್ನೇ ನಾನು ಕೇಳಿರಲಿಲ್ಲ" ಎಂದರು. ಆಪರೇಷನ್ ಆಗಿ ಚೇತರಿಸಿಕೊಳ್ಳುವವರಿಗೆ ಬಲ ಬರಿಸುವ ಒಂದು ವಿಭಾಗ ಅಲ್ಲಿ ಹೊಸದಾಗಿ ಶುರುವಾಗುತ್ತಿತ್ತು. ಅಂದಿನಿಂದ ಚಿಕ್ಕಮ್ಮನಿಗೆ ಬೆಳಗ್ಗೆ ಗೋದಾಮು, ಮಧ್ಯಾಹ್ನ ಆಸ್ಪತ್ರೆ.

ಈಗ ಅವಳಿಗೆ ನಲವತ್ತೇಳು. ಹೋದ ವರ್ಷ ಅಗ್ನಿಶಾಮಕ ದಳದ ಆಯ್ಕೆಗೆ ತಯಾರಾಗಲೆಂದು ನಾಲ್ವರು ಹುಡುಗಿಯರು ಬಂದರು. ಅರವತ್ತು ಕಿಲೋದ ಮರಳು ತುಂಬಿದ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ಐವತ್ತು ಮೀಟರ್ ಓಡಬೇಕು, ಗಡುವಿನೊಳಗೆ. ಐದು ತಿಂಗಳು ತಯಾರಿ ಮಾಡಿಸಿದಳು. ಮೂವರು ಗೆದ್ದರು. ನಾಲ್ಕನೆಯವಳು, ಅವರಲ್ಲೆಲ್ಲ ಗಟ್ಟಿಗಿತ್ತಿ, ಎರಡು ಸೆಕೆಂಡಿಗೆ ಸೋತಳು. ಗೆದ್ದವರು ಕುಣಿಯುತ್ತ ಬಂದಾಗ ಚಿಕ್ಕಮ್ಮ ಎಲ್ಲರ ಬೆನ್ನು ತಟ್ಟಿ, "ಅವಳೆಲ್ಲಿ?" ಎಂದಳು. ಅವಳು ಹೊರಗೆ ಸೈಕಲ್ ಅಂಗಡಿಯ ಟೈರುಗಳ ಮೇಲೆ ಕುಳಿತು ಅಳುತ್ತಿದ್ದಳು.

ಚಿಕ್ಕಮ್ಮ ಸಮಾಧಾನ ಹೇಳಲಿಲ್ಲ. ಪಕ್ಕದ ಟೈರಿನ ಮೇಲೆ ತಾನೂ ಕುಳಿತು ಅವಳ ಕಾಲು ನೋಡಿದಳು.

"ಈ ಬೂಟು ಯಾರದು?"

"ಅಣ್ಣಂದು. ಟೆಸ್ಟ್‌ಗೆ ಬೂಟೇ ಬೇಕು ಅಂದಿದ್ರು."

"ಎದ್ದು ಹತ್ತು ಹೆಜ್ಜೆ ನಡಿ."

ಹುಡುಗಿ ಮೂಗೊರೆಸಿಕೊಂಡು ನಡೆದಳು. ಚಿಕ್ಕಮ್ಮ ಬಗ್ಗಿ, ಬೂಟಿನ ಹಿಮ್ಮಡಿಗೆ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು. "ಎರಡು ನಂಬರ್ ದೊಡ್ಡದು. ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದೇಳ್ತಿದೆ. ನೀನು ಸೋತಿಲ್ಲಮ್ಮ, ನಿಮ್ಮಣ್ಣನ ಬೂಟು ಸೋತಿದೆ." ಅಳುತ್ತಿದ್ದವಳಿಗೆ ನಗು ಉಕ್ಕಿತು. ಆ ಸಂಜೆಯೇ ಇಬ್ಬರೂ ಹೋಗಿ ಅವಳ ಅಳತೆಯ ಬೂಟು ತಂದರು. ಮುಂದಿನ ಆರು ತಿಂಗಳು ಅವಳು ಅದನ್ನು ಹಾಕಿಕೊಂಡೇ ಓಡಿದಳು.

ಮತ್ತೆ ಆಯ್ಕೆಗೆ ಹೋಗಿದ್ದ ಅವಳ ಫಲಿತಾಂಶ ಬಂದ ಮಧ್ಯಾಹ್ನ, ಚಿಕ್ಕಮ್ಮ ಮರೆತುಬಿಟ್ಟಿದ್ದ ಕನ್ನಡಕ ಕೊಡಲೆಂದು ನಾನು ಆಸ್ಪತ್ರೆಗೆ ಹೋಗಿದ್ದೆ. ಅವಳು ಸೊಂಟದ ಆಪರೇಷನ್ ಆದ ಒಬ್ಬ ಮುದುಕರನ್ನು ಕುರ್ಚಿಯಿಂದ ಏಳಿಸುತ್ತಿದ್ದಳು. ಅವರು ಎರಡು ಸಲ ಎದ್ದು, ಇನ್ನು ಸಾಧ್ಯವೇ ಇಲ್ಲವೆಂದು ಮುಖ ಗಂಟಿಕ್ಕಿಕೊಂಡು ಕುಳಿತುಬಿಟ್ಟಿದ್ದರು. ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ನಾನೇ ತೆಗೆದೆ. ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಒಂದು ಗದ್ದಲ. ಅರ್ಥವಾದಷ್ಟನ್ನು ಚಿಕ್ಕಮ್ಮನಿಗೆ ಹೇಳಿದೆ. ಅವಳು ಮುದುಕರ ಮೊಣಕೈ ಹಿಡಿದಿದ್ದ ಕೈ ಬಿಡದೆಯೇ ಕಣ್ಣು ಮುಚ್ಚಿಕೊಂಡಳು.

"ಏನಂತೆ?" ಎಂದರು ಮುದುಕರು.

"ನಮ್ಮ ಹುಡುಗಿ ಒಬ್ಬಳು, ಸೋತಿದ್ಲು. ಈಗ ಪಾಸಾದ್ಲಂತೆ."

ಮುದುಕರು ಕುರ್ಚಿಯ ತುದಿಗೆ ಸರಿದು, ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು. "ಹಾಗಾದ್ರೆ ಇನ್ನೊಂದು ಸಲ ಏಳ್ತೀನಿ ತಾಳಿ" ಎಂದು ಎದ್ದು ನಿಂತರು.